ಕುಂಡದ ಆಲಕ್ಕೆ ಹೊದಿಸಿದ ಪರದೆ

ಬೇವಿನ ಹಿಂಡಿಯ ಕಹಿ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಜಯಲಕ್ಷ್ಮಿಪುರಂನ ಚಿಕ್ಕಮ್ಮನ ಮನೆಯ ತಾರಸಿ ನೆನಪಾಗುತ್ತದೆ.

ನಾನಿನ್ನೂ ಹುಡುಗನಾಗಿದ್ದಾಗ ಒಂದು ಮಧ್ಯಾಹ್ನ ಅಳಿಲುಗಳು ಚಿಕ್ಕಮ್ಮನ ಬೋನ್ಸಾಯ್ ಆಲದ ತೊಗಟೆಯನ್ನು ತಮ್ಮ ಗೂಡಿಗೆಂದು ಸುಲಿದು, ಕುಂಡದ ಮಣ್ಣನ್ನೆಲ್ಲ ಕೆದರಿ ಹೋಗಿದ್ದವು.

"ಒಣಗೋಗ್ಲಿ ಬುಡಮ್ಮ. ಆಲದ ಮರಾನ ಬೆಳೀದಂಗೆ ಕಟ್ಟಾಕಿದ್ರೆ ಮನೇಲಿ ತೊಟ್ಟಿಲು ತೂಗುತ್ತಾ?" ಅಂದರು ಅಜ್ಜಿ.

ಚಿಕ್ಕಮ್ಮ ಹರಿದ ಬೇರುಗಳನ್ನು ಕತ್ತರಿಸಿ, ಹಿಂಡಿ ಬೆರೆಸಿದ ಹೊಸ ಮಣ್ಣಿನಲ್ಲಿ ಗಿಡ ಕೂರಿಸಿದರು. ಆಮೇಲೆ ಒಳಗಿನಿಂದ, ಕೊಡೆಯಂತೆ ಬಿಚ್ಚುವ ಮಗುವಿನ ಸೊಳ್ಳೆಪರದೆ ತಂದು ಅದರ ಮೇಲೆ ಮುಚ್ಚಿದರು. ಪರದೆಯ ಪ್ಲಾಸ್ಟಿಕ್ ಕವರನ್ನು ಹರಿದದ್ದೇ ಅವತ್ತು.

ನನ್ನ ಬಾಯಿ ಸುಮ್ಮನಿರಲಿಲ್ಲ. "ಪಾಪುಗೆ ಅಂತ ತಂದಿದ್ದಲ್ವಾ ಚಿಕ್ಕಮ್ಮ?"

"ಬೀರುನಲ್ಲೇ ಹಳದಿಯಾಗ್ತಿತ್ತು ಕಣೋ."

ಗಾಳಿಗೆ ಪರದೆ ಮೇಲೆದ್ದಿತು. ಅಜ್ಜಿ ಮಂಡಿ ಹಿಡಿದುಕೊಂಡು ಎದ್ದು ಬಂದು, ಅದರ ಅಂಚಿನ ಸುತ್ತ ಒಂದೊಂದಾಗಿ ಕಲ್ಲು ಇಟ್ಟರು.