ಮುಳ್ಳು ಸೊನ್ನೆಗೆ ಬರುವ ತನಕ

ತಮ್ಮನ ಖಾನಾವಳಿಯ ಲೈಸೆನ್ಸಿಗೆ ತಾನೇ ಸಹಿ ಹಾಕಬಹುದೇ ಎಂದು ಕೇಳಲು ಪುರಸಭೆಯ ಆರೋಗ್ಯ ನಿರೀಕ್ಷಕಿ ಕಸ್ತೂರಿ ತಮ್ಮನನ್ನೂ ಕರೆದುಕೊಂಡು ನೀತಿ ಸಲಹೆಗಾರರ ಬಳಿ ಬಂದಿದ್ದಳು. ಎಲ್ಲರಿಗೂ ಮಾಡುವಂತೆ ಅವರು ಅವಳ ಮಣಿಕಟ್ಟಿಗೆ ಮಮತೆ ಅಳೆಯುವ ಮೀಟರ್ ಕಟ್ಟಿ, ಕೈಗೆ ಬಡಿಗೆ ಕೊಟ್ಟರು.

“ಮುಳ್ಳು ಸೊನ್ನೆಗೆ ಬರೋ ತನಕ ತಮ್ಮಗ ಹೊಡೀರಿ. ಆಮ್ಯಾಲ ಸಹಿ.”

“ಹೊಡಿ ಅಕ್ಕಾ. ಇವತ್ತ ಸಹಿ ಆಗಲಿಲ್ಲಂದ್ರ ಖಾನಾವಳಿಗೆ ಬೀಗ,” ಎಂದ ಗುರುಪಾದ.

ಮೊದಲ ಏಟಿಗೆ ತುಟಿ ಒಡೆಯಿತು, ಆರನೆಯದಕ್ಕೆ ಹಲ್ಲು ಉದುರಿತು. ಮುಳ್ಳು ಕದಲಲಿಲ್ಲ. ಹತ್ತನೆಯದಕ್ಕೆ ಗುರುಪಾದ ತಡೆಯಲಾರದೆ ಬಡಿಗೆ ಕಿತ್ತುಕೊಂಡು ಅವಳ ಬಲಗೈ ಮುರಿದ. ಮುಳ್ಳು ಸೊನ್ನೆಯನ್ನೂ ದಾಟಿ ಆಚೆ ಹೋಗಿ ನಿಂತಿತು.

ಕಸ್ತೂರಿ ಎಡಗೈಯಲ್ಲಿ ಪೆನ್ನು ಹಿಡಿದು ಅರ್ಜಿಯ ಮೇಲೆ ‘ತಿರಸ್ಕರಿಸಲಾಗಿದೆ’ ಎಂದು ಗೀಚತೊಡಗಿದಳು. ಸಲಹೆಗಾರರು ಅರ್ಜಿ ಎಳೆದುಕೊಂಡರು.

“ದ್ವೇಷ ಇದ್ದೋರೂ ಸಹಿ ಹಾಕಂಗಿಲ್ಲ ಮೇಡಂ. ಇಬ್ಬರೂ ಹೊರಗ ಕುಂತು ಒಂದೀಟು ಅತ್ತು ಬರ್ರಿ, ಮತ್ತ ನೋಡೋಣ.”