ಇನ್ನೊಬ್ಬ ಹ್ಯೂಬರ್ಟ್ ಕ್ಲೆಗ್

"ಕೊಡಲ್ವಂತೆ, ಮಿಸ್ಟರ್ ಮೇರ್."

ಫೋನಿನಲ್ಲಿದ್ದವಳು ನಟರ ಸಂಘದ ಕಾರ್ಯದರ್ಶಿ ಮಿಸ್ ಪೆಂಬರ್ಟನ್. ಜೂಲಿಯನ್ ಮೇರ್ ಕೈಯಲ್ಲಿದ್ದ ಟೋಸ್ಟನ್ನು ತಟ್ಟೆಗೆ ಎಸೆದ.

"ಯಾಕಂತೆ?"

"ಕಾರಣ ಹೇಳಿಲ್ಲ. ಪ್ರಾಣ ಇರೋವರೆಗೂ ಈ ಹೆಸರನ್ನ ಬೇರೆಯವರಿಗೆ ಬಿಡೋದಿಲ್ಲ ಅಂತ ಉತ್ತರ ಬಂದಿದೆ, ಅಷ್ಟೇ."

"ಕೇಳ್ತಿರೋದು ನಾನು ಅಂತ ಹೇಳಿದ್ರಾ?"

"ಛೇ, ಅವರ ಗುಟ್ಟು ನಿಮಗೆ ಹೇಳಲ್ಲ, ನಿಮ್ಮ ಗುಟ್ಟು ಅವರಿಗೆ ಹೇಳಲ್ಲ."

"ಆ ಮಹಾನುಭಾವ ಒಂದು ನಾಟಕದಲ್ಲಾದ್ರೂ, ಬಾಗಿಲು ತೆರೆಯೋ ಆಳಿನ ಪಾತ್ರ ಮಾಡಿದ್ದನ್ನಾದ್ರೂ ಯಾರಾದ್ರೂ ಕಂಡಿದ್ದಾರಾ?"

"ನಾನಂತೂ ಕಂಡಿಲ್ಲ. ಆದ್ರೆ ಚಂದಾ ಒಂದು ವರ್ಷವೂ ತಪ್ಪಿಲ್ಲ. ಚಂದಾ ಕಟ್ಟೋವರೆಗೂ ಹೆಸರು ಅವರದ್ದೇ. ನಿಯಮ ನಿಮಗೆ ಗೊತ್ತಲ್ಲ."

ಗೊತ್ತಿಲ್ಲದೆ ಏನು? ಆ ನಿಯಮವೇ ಅವನ ಬದುಕನ್ನು ತಿಂದುಹಾಕಿತ್ತು. ಸಂಘದಲ್ಲಿ ಒಂದು ಹೆಸರಿಗೆ ಒಬ್ಬನೇ ನಟ. ಹರೆಯದಲ್ಲಿ ಹುಟ್ಟೂರು ಬರ್ನ್ಲಿಯಿಂದ ಲಂಡನ್ನಿಗೆ ಬಂದು, ಅಪ್ಪ ಅಮ್ಮ ಇಟ್ಟ ಹೆಸರನ್ನೇ ಎದೆಯುಬ್ಬಿಸಿ "ಹ್ಯೂಬರ್ಟ್ ಕ್ಲೆಗ್" ಎಂದಾಗ ಕಿಟಕಿಯ ಹಿಂದಿನ ಗುಮಾಸ್ತ ತಲೆಯನ್ನೂ ಎತ್ತಲಿಲ್ಲ. "ಆ ಹೆಸರಿನವನೊಬ್ಬ ಆಗಲೇ ಇದ್ದಾನೆ. ಬೇರೆ ಹೇಳು, ಹಿಂದೆ ಜನ ಕಾಯ್ತಿದ್ದಾರೆ." ಎದುರಿನ ಟೀ ಅಂಗಡಿಯ ಬೋರ್ಡಿನಿಂದ ಮೇರ್ ಬಂತು. ಜೂಲಿಯನ್ ಎಲ್ಲಿಂದ ಬಂತೋ ದೇವರಿಗೇ ಗೊತ್ತು.

ಟೀ ಅಂಗಡಿಯ ಹೆಸರಿನಲ್ಲಿ ಅವನು ನಲವತ್ತು ವರ್ಷ ದುಡಿದ. ಬಟ್ಲರನಾಗಿ ತಟ್ಟೆ ಹಿಡಿದ, ಪಾದ್ರಿಯಾಗಿ ಮದುವೆ ಮಾಡಿಸಿದ, ಇನ್ಸ್‌ಪೆಕ್ಟರನಾಗಿ ತಪ್ಪು ಮನುಷ್ಯನನ್ನೇ ಹಿಡಿದ, ಲೆಕ್ಕವಿಲ್ಲದಷ್ಟು ಸಲ ಮೊದಲ ದೃಶ್ಯದಲ್ಲೇ ಸತ್ತ. ಅವನ ಮುಖ ಬ್ರಿಟನ್ನಿಗೆಲ್ಲ ಗೊತ್ತು, ಹೆಸರು ಒಬ್ಬರಿಗೂ ಗೊತ್ತಿಲ್ಲ. ರೈಲಿನಲ್ಲಿ ಒಬ್ಬ ಹೆಂಗಸು, ನೀವೇ ನನ್ನ ಹಲ್ಲು ಕಿತ್ತ ಡಾಕ್ಟರು ಎಂದು ಕ್ರೂ ಸ್ಟೇಷನ್ ಬರುವವರೆಗೂ ಜಗಳವಾಡಿದ್ದಳು. ಹೊಟ್ಟೆ ಉರಿಯದೆ ಇರುತ್ತದೆಯೇ?

ಈಗ, ಅರವತ್ತು ದಾಟಿದ ಮೇಲೆ, ಒಂದು ಸಿನಿಮಾದಲ್ಲಿ ಒಳ್ಳೆಯ ಪಾತ್ರ ಸಿಕ್ಕಿತ್ತು. ಮಗನನ್ನು ಕಳೆದುಕೊಂಡ ಗಿರಣಿ ಕೆಲಸಗಾರ. ಮೊದಲ ಬಾರಿಗೆ ಪೋಸ್ಟರಿನಲ್ಲಿ ಅವನ ಹೆಸರು. ಸೋಮವಾರ ಅದು ಅಚ್ಚಿಗೆ ಹೋಗುತ್ತದೆ. ಬರ್ನ್ಲಿಯ ಚಿತ್ರಮಂದಿರದ ಗೋಡೆಯ ಮೇಲೆ ಒಂದೇ ಒಂದು ಸಲ ಹ್ಯೂಬರ್ಟ್ ಕ್ಲೆಗ್ ಎಂದು ಇರಬೇಕು, ಅದನ್ನು ಅಮ್ಮ ನೋಡಬೇಕು. ಅವನಿಗೆ ಬೇಕಾದದ್ದು ಅಷ್ಟೇ. ಅಮ್ಮನಿಗೆ ಎಂಬತ್ತೆಂಟು. ಇನ್ನೊಂದು ಪೋಸ್ಟರಿಗೆ ಕಾಯುವ ವಯಸ್ಸಲ್ಲ.

ಅಮ್ಮನಿಗೆ ತನ್ನ ಕಸುಬು ಹಿಡಿಸಲಿಲ್ಲ ಎಂಬುದು ಅವನ ಹಳೆಯ ಸಂಕಟ. ಟಿವಿಯಲ್ಲಿ ಅವನು ಬಂದರೆ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಕೊನೆಯಲ್ಲಿ ಹೆಸರುಗಳು ಬರತೊಡಗಿದರೆ ಎದ್ದು ಹೋಗಿ ಆರಿಸಿಬಿಡುತ್ತಿದ್ದಳು. ಅವನು ಯಾಕೆಂದು ಕೇಳಲಿಲ್ಲ, ಅವಳು ಹೇಳಲಿಲ್ಲ. ಆ ಊರಿನವರೇ ಹಾಗೆ. ಎದೆಯಲ್ಲಿ ಏನಾದರೂ ಚುಚ್ಚಿದರೆ ಇನ್ನೊಂದು ಕಪ್ ಟೀ ಹಾಕಿಕೊಳ್ಳುತ್ತಾರೆ, ಬಾಯಿ ಬಿಡುವುದಿಲ್ಲ.

ಭಾನುವಾರ ಅವನು ಬರ್ನ್ಲಿಗೆ ಹೋದಾಗ ಮುಖ ಧುಮುಗುಟ್ಟುತ್ತಿತ್ತು.

"ಏನೋ, ಮುಖ ಹಿಂಗ್ಯಾಕೆ ಇಟ್ಕೊಂಡಿದ್ದೀಯ? ಮತ್ತೆ ಹೆಣದ ಪಾರ್ಟಾ?" ಎಂದಳು ಅಮ್ಮ, ಟೀ ಬಗ್ಗಿಸುತ್ತಾ.

"ಅಲ್ಲಮ್ಮ. ಪೋಸ್ಟರಲ್ಲಿ ಹೆಸರು ಹಾಕ್ತಾರೆ."

"ಹಾಕ್ಲಿ ಬಿಡು. ಆ ಜೂಲಿಯನ್ನಿಗೆ ಒಳ್ಳೇದಾಗ್ಲಿ."

ನಲವತ್ತು ವರ್ಷ ನುಂಗಿಕೊಂಡದ್ದು ಅವನ ಗಂಟಲಿಗೆ ಬಂತು.

"ಆ ಹೆಸರು ನನಗೆ ಬೇಕಾಗಿತ್ತು ಅಂದ್ಕೊಂಡ್ಯಾ? ಕ್ಲೆಗ್ ಅಂತ್ಲೇ ಹೇಳಿದೆ ಅಮ್ಮ! ಅದೇ ಹೆಸರಿನ ಇನ್ನೊಬ್ಬ ಇದ್ದಾನೆ, ನೀನು ಇಟ್ಕೋಬಾರದು ಅಂದ್ರು. ಅವನು ಯಾರು, ಎಲ್ಲಿದ್ದಾನೆ, ಒಬ್ಬರೂ ಹೇಳಲ್ಲ. ಜನ್ಮದಲ್ಲಿ ಸ್ಟೇಜ್ ಹತ್ತಿಲ್ಲ, ಹೆಸರನ್ನ ಮಾತ್ರ ಹಾವಿನ ಹಾಗೆ ಕಾಯ್ಕೊಂಡು ಕೂತಿದ್ದಾನೆ! ಈ ಒಂದು ಸಲ ಬಿಟ್ಟುಕೊಡಿ ಅಂತ ಬೇಡಿಕೊಂಡೆ. ಆಗಲ್ಲ ಅಂದ."

ಅಮ್ಮನ ಕೈಯ ಕೆಟಲ್ ಮೇಜಿನ ಮೇಲೆ ಕೂತಿತು. ಮುಖ ಬಿಳಿಚಿಕೊಂಡಿತ್ತು.

"ನಮ್ಮ ಹೆಸರು ಹೇಳೋಕೆ ನಿನಗೆ ನಾಚಿಕೆ ಅಂದ್ಕೊಂಡಿದ್ದೆ ಕಣೋ," ಎಂದಳು. "ನಿಮ್ಮಪ್ಪನೂ ಹಂಗೇ ಅಂದ್ಕೊಂಡೇ ಹೋದ್ರು."

"ನಾಚಿಕೆಯಾ? ಅಮ್ಮ, ಆ ದರಿದ್ರದವನು ನನ್ನ ಕೈಗೆ ಸಿಕ್ಕಿದ್ರೆ..."

"ಸುಮ್ನಿರು. ಮೊದಲು ಕೂತ್ಕೋ."

ಅವನು ಕೂತ. ಅಮ್ಮ ತನಗೆ ಟೀ ಹಾಕಿಕೊಳ್ಳಲಿಲ್ಲ. ಅವನ ಮಣಿಕಟ್ಟನ್ನು ಹಿಡಿದುಕೊಂಡಳು.

"ನಿನಗೆ ಮೂರು ವರ್ಷ. ಇಲ್ಲಿ ಸಿನಿಮಾದವರು ಬಂದಿದ್ರು, ಅಳೋ ಮಗು ಬೇಕಾಗಿತ್ತು. ನಿಮ್ಮಪ್ಪನಿಗೆ ನಾಟಕ ಸಿನಿಮಾ ಅಂದ್ರೆ ಸೈತಾನನ ಕೆಲಸ, ಅದಕ್ಕೆ ಕದ್ದು ಕರ್ಕೊಂಡು ಹೋದೆ. ಎಷ್ಟು ಚೆನ್ನಾಗಿ ಅತ್ತೆ ಗೊತ್ತಾ! ಸಂಘಕ್ಕೆ ಸೇರಿಸಲೇಬೇಕು ಅಂದ್ರು. ಚಿಕ್ಕಮ್ಮನ ವಿಳಾಸ ಕೊಟ್ಟು ಸೇರಿಸಿದೆ. ಈ ಹುಡುಗ ದೊಡ್ಡ ನಟ ಆಗ್ತಾನೆ ಅಂತ ನನಗೆ ಅವತ್ತೇ ಗೊತ್ತಿತ್ತು."

ಅಮ್ಮ ಅವನ ಮಣಿಕಟ್ಟನ್ನು ಬಿಡದೆ ಮುಂದುವರಿಸಿದಳು.

"ನೀನು ಬೇರೆ ಹೆಸರಿಟ್ಕೊಂಡು ಹೋದೆ, ಆದ್ರೂ ಎಂದಾದ್ರೂ ಮನಸ್ಸು ಬದಲಾಯಿಸಿ ಕೇಳಿದ್ರೆ ಇರ್ಲಿ ಅಂತ ಇವತ್ತಿನವರೆಗೂ ಚಂದಾ ಕಟ್ತಾ ಬಂದೆ. ಮೊನ್ನೆ ಯಾವನೋ ಆ ಹೆಸರು ಬೇಕು ಅಂತ ಕೇಳಿ ಕಳಿಸಿದ್ದ ಕಣೋ, ಇದು ನನ್ನ ಮಗಂದು, ಹೋಗಯ್ಯ ಅಂತ ಮನಸ್ಸಲ್ಲೇ ಬೈದು, ಆಗಲ್ಲ ಅಂತ ಬರೆದು ಹಾಕಿದೆ."