ಕರ್ಪೂರ ಆರಿಸದವನು

ಅಕ್ಕಪಕ್ಕದ ತೋಟದ ಆರು ಜನ ಮಾರಮ್ಮನ ಗುಡಿ ಮುಂದೆ ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ, ಕಾಳಯ್ಯನ ತೆಂಗಿನ ಸಸಿಗಳನ್ನು ತಾವು ಕಡಿದಿಲ್ಲವೆಂದು ಆಣೆಯಿಟ್ಟರು. ಏಳನೆಯವನು ಶಿವಮೂರ್ತಿ. ಅವನು ನಿಂತ ಜಾಗ ಬಿಟ್ಟು ಕದಲಲಿಲ್ಲ.

"ನಾನು ಕಡ್ದಿಲ್ಲ ಕಾಳಣ್ಣ. ಆದ್ರೆ ಕರ್ಪೂರ ಆರ್ಸಲ್ಲ."

"ಯಾಕಪ್ಪ?"

"ನಂಗೆ ದೇವ್ರ ಮೇಲೆ ನಂಬಿಕೆ ಇಲ್ಲ, ನಿಂಗೂ ಗೊತ್ತು. ಭಯ ಇಲ್ದೋನು ಇಡೋ ಆಣೆ ನಂಬ್ಕಂಡ್ರೆ ನಿಂಗೇ ಮೋಸ."

ಗುಂಪಿನಲ್ಲಿ ಯಾರೋ ನಕ್ಕರು. ಊರ್ಡಿಗೆರೆ ಕಡೆಯ ಆ ಹಳ್ಳಿಯಲ್ಲಿ ಇಂಥ ಮಾತು ಕೇಳಿದವರಿರಲಿಲ್ಲ. ಬದುವಿನ ವಿಷಯಕ್ಕೆ ಅವನಿಗೂ ಕಾಳಯ್ಯನಿಗೂ ಹೋದ ತಿಂಗಳಷ್ಟೇ ಮಾತಿಗೆ ಮಾತು ಬೆಳೆದದ್ದು ಮಾತ್ರ ಎಲ್ಲರಿಗೂ ನೆನಪಿತ್ತು.

ಮರುದಿನದಿಂದ, ವಸಂತನರಸಾಪುರದ ಫ್ಯಾಕ್ಟರಿಗೆ ಅವನ ಬೈಕಿನ ಹಿಂದೆ ಕೂತು ಬರುತ್ತಿದ್ದ ರಾಮಾಂಜಿನಯ್ಯ ಬಸ್ಸು ಹಿಡಿದ. ಹಾಲಿನ ಡೇರಿಯಲ್ಲಿ ಶಿವಮೂರ್ತಿಯ ಹೆಂಡತಿ ಪ್ರಮೀಳಾ ಸಾಲಿಗೆ ಬಂದು ನಿಂತರೆ ಉಳಿದವರ ಮಾತು ನಿಲ್ಲುತ್ತಿತ್ತು.

"ನಂಬಲ್ಲ ಅಂದ್ಮೇಲೆ ನಿಮ್ಗೇನು ಕಷ್ಟ? ಕೈಯಾಡ್ಸಿ ಬಂದಿದ್ರೆ ಮುಗೀತಿತ್ತು" ಎಂದಳು ಅವಳು. "ಹೋಗ್ಲಿ, ನನ್ ತಲೆ ಮುಟ್ಟಿ ಹೇಳಿ."

"ಕಡ್ದಿಲ್ಲ ಅಂತ ಹೇಳಿದೀನಲ್ಲ. ನನ್ ಮಾತು ಸಾಲ್ದಾ?"

ಅವಳು ತಲೆ ಬಗ್ಗಿಸಿಕೊಂಡೇ ನಿಂತಿದ್ದಳು. ಅವನ ಕೈ ಮೇಲೇಳಲಿಲ್ಲ.

ಭಾನುವಾರ ಬೆಳಿಗ್ಗೆ ಕಾಳಯ್ಯ ಒಬ್ಬನೇ ಬಂದು ಜಗಲಿಯ ಮೇಲೆ ಕೂತ. ಬಹಳ ಹೊತ್ತು ಟವಲಿನ ಅಂಚು ಮಡಿಸುತ್ತಾ ಬಿಚ್ಚುತ್ತಾ ಇದ್ದ.

"ಆ ಆರು ಜನದಲ್ಲಿ ಯಾವನೋ ಸುಳ್ಳು ಆಣೆ ಇಟ್ಟವ್ನೆ. ಈಗ ಯಾರ ಮುಖ ನೋಡಿದ್ರೂ ಅವನೇ ಏನೋ ಅನ್ಸುತ್ತೆ" ಎಂದ. "ನಿಂಗೆ ಸುಳ್ಳು ಆಣೆ ಇಡೋದು ಸಲೀಸಾಗಿತ್ತು. ಆದ್ರೂ ಇಡ್ಲಿಲ್ಲ. ನಿನ್ ಮ್ಯಾಲಿನ ಅನುಮಾನ ಬುಟ್ಬುಟ್ಟೆ ಕಣಪ್ಪ."

ಶಿವಮೂರ್ತಿ ಕಾಫಿ ಮಾಡಿಸುವ ನೆಪದಲ್ಲಿ, ಈ ಮಾತನ್ನು ಪ್ರಮೀಳಾಗೆ ಹೇಳಲು ಅವಸರದಿಂದ ಒಳಗೆ ಹೋದ. ಅಡುಗೆಮನೆಯಲ್ಲಿ ಅವಳಿರಲಿಲ್ಲ.

ಹಿತ್ತಲಲ್ಲಿ ಅವಳು ಅವನ ಮಚ್ಚನ್ನು ಬಿಸಿಲಿಗೆ ಹಿಡಿದು, ಅಲಗಿನ ಮೇಲಿನ ಕಲೆಯನ್ನು ಉಗುರಿನಿಂದ ಕೆರೆದು ನೋಡುತ್ತಿದ್ದಳು.